ಷರಾ

ಬಾಟಲಿಗೆ ಸಾವಿರದ ಎಂಟುನೂರು ವರ್ಷ.
ಅಕ್ವಿಲೇಯದ ಆಚೆ, ಉಪ್ಪುಗಾಳಿಯ ಬಯಲಲ್ಲಿ,
ಮೆಕ್ಕೆಜೋಳದ ಹೊಲಕ್ಕೆ ಕಾಲುವೆ ತೋಡುವಾಗ ಸಿಕ್ಕಿದ್ದು.
ಅದರ ಮೇಲೆ ನೇಗಿಲು ಹೋಗಿದೆ, ಎರಡು ಯುದ್ಧ ಹೋಗಿವೆ,
ಪ್ರತಿ ಏಪ್ರಿಲ್ಲಿಗೆ ಟ್ರ್ಯಾಕ್ಟರು ಹೋಗಿದೆ.
ಒಂದು ಮುಕ್ಕಿಲ್ಲ.

ಮ್ಯೂಸಿಯಮ್ಮಿನ ನೆಲಮಾಳಿಗೆ, ಟ್ಯೂಬ್‌ಲೈಟು.
ಎರ್ಮಿನಿಯಾ ಮೊರಾಸ್ಸುಟ್ ಚೀಟಿ ತುಂಬಿಸುತ್ತಿದ್ದಾಳೆ.
ಎತ್ತರ: ಹದಿನಾಲ್ಕು ಸೆಂಟಿಮೀಟರು.
ಬಣ್ಣ: ಕೆರೆಯ ಹಸಿರು —
ಇಲ್ಲ, ಹೊಡೆದು ಬರೆದಳು, ನೀಲಿ ಬೆರೆತ ಹಸಿರು.
ಸ್ಥಿತಿ:
ಇಲ್ಲಿ ಪೆನ್ನು ನಿಂತಿತು.
ದಿನಕ್ಕೆ ಹತ್ತು ಸಲ ಬರೆಯುವ ಪದ,
ಇಂತಾತ್ತೊ.

ಅದರ ಬೆನ್ನಿಗೆ ಸಿನ್ಯೊರಿನಾ ಜೋರ್ಜುಟ್ ನಿಂತಿದ್ದಾಳೆ,
ಲ್ಯಾಟಿನ್ ಟೀಚರು, ಬಲಗೈಯಲ್ಲಿ ಮೂರೇ ಬೆರಳು.
ಏಳು ವರ್ಷದವಳಿದ್ದಾಗ ಕಾರ್ಸೊ ಗುಡ್ಡದಲ್ಲಿ
ಹೊಳೆಯುವ ಹಿತ್ತಾಳೆ ತುಂಡೊಂದನ್ನು
ಆಟಿಕೆಯೆಂದು ಮುಟ್ಟಿದ್ದಳು.
ಮುಗಿದ ಯುದ್ಧದ್ದು; ಇನ್ನೂ ಜೀವ ಇತ್ತು ಅದಕ್ಕೆ.
ಉಳಿದ ಮೂರರಲ್ಲಿ ರೂಲುದೊಣ್ಣೆ ಹಿಡಿದು
ಮೇಜು ಕುಟ್ಟುತ್ತ ಹೇಳಿಸುವಳು:
ತಾಂಗೊ, ತಾಂಗೆರೆ, ತೇತಿಗೀ, ತಾಕ್ತುಂ.
ಮುಟ್ಟುತ್ತೇನೆ. ಮುಟ್ಟುವುದು. ಮುಟ್ಟಿದೆ.
ತೇ-ತಿ-ಗೀ ಅನ್ನುವಾಗ ಎರಡು ಏಟು ಜಾಸ್ತಿ:
ಮುಟ್ಟಿ ಮುಗಿದದ್ದನ್ನು ಹೇಳಲು
ಲ್ಯಾಟಿನ್ನಿಗೆ ಯಾಕೋ ನಾಲಿಗೆ ತೊದಲುತ್ತದೆ.

(ನನಗಂತೂ ಆ ಕೊನೆಯದು ಬೇರೆಯೇ ಕೇಳುತ್ತದೆ.
ಕರೆಂಟು ಹೋದ ಮನೆಯಲ್ಲಿ ತಡವರಿಸುವವನು
ಗೋಡೆ ಸಿಕ್ಕಿದಾಗ ಅನ್ನುವುದೂ ಅದನ್ನೇ: ತಾಕ್ತು.
ನೆಂಟಸ್ತನವೇನಿಲ್ಲ. ಕಿವಿಯ ಚಪಲ.)

ಅದರ ಮುಂದೊಂದು 'ಇನ್' ಹಚ್ಚಿ, ಅಂದಳು ಟೀಚರು.
ಇನ್‌ತಾಕ್ತುಸ್. ತಾಕದ್ದು.
ಮೊದಲು ಒಡೆಯದ್ದು ಅಂತಲ್ಲ ಅರ್ಥ;
ಯಾರೂ ಮುಟ್ಟದ್ದು, ಅಷ್ಟೇ.
ಕೈ ಬಿದ್ದಲ್ಲಿ ಕೇಡು, ಅಂತ ರೋಮಿನವರ ಲೆಕ್ಕ.
ಆ ಬೇರಿನದೇ 'ಇಂತೆಗೆರ್': ಇಡಿಯಾದದ್ದು,
ಲಂಚ ತಿನ್ನದ ಮನುಷ್ಯನೂ ಅದೇ.
ಆ ಬೇರಿನದೇ ಸೋಂಕಿಗಿರುವ ಹೆಸರು.
ಸರಿ, ಬರೆದುಕೊಳ್ಳಿ.

ಊರ ಬಾರಿನ ಗಂಡಸರಿಗೂ ಪದ ಗೊತ್ತಿತ್ತು,
ಲ್ಯಾಟಿನ್ ಗೊತ್ತಿರಲಿಲ್ಲ.
ಮದುವೆಯಿಲ್ಲದ ಟೀಚರು ಸೈಕಲ್ಲಿನಲ್ಲಿ ಹೋದರೆ
ಇಸ್ಪೀಟಿನೆಲೆ ಕೆಳಗಿಟ್ಟು ಅನ್ನುವರು:
ಹೋಯ್ತು ನೋಡು, ಇಂತಾತ್ತಾ.
ಎರಡು ಬೆರಳು ಕಡಿಮೆ, ಉಳಿದದ್ದೆಲ್ಲ ಹೊಸದು.

ಸತ್ತದ್ದು ನವೆಂಬರಿನಲ್ಲಿ. ಬಳಗವೆಲ್ಲ ಅರ್ಜೆಂಟೀನಾದಲ್ಲಿ.
ಮೈ ತೊಳೆಯಲು ಎರ್ಮಿನಿಯಾಳನ್ನು ಕರೆದರು,
ನಿನಗೆ ನಾಜೂಕು ಸಾಮಾನು ಮುಟ್ಟಿ ಅಭ್ಯಾಸ, ಅಂತ.
ಬೋಗುಣಿಯಲ್ಲಿ ಬಿಸಿನೀರು, ಹಳೆಯ ದಿಂಬಿನ ಚೀಲ.
ಭುಜ. ಕಂಕುಳು. ಮೂರು ಬೆರಳು.
ಹೊಕ್ಕುಳ ಕೆಳಗೆ, ನೆಟ್ಟಗೆ,
ಅರ್ಧ ಗೇಣಿನ ಹೊಲಿಗೆಯ ಗೆರೆ,
ಬೆಳ್ಳಗಾಗಿ ಮೈಯೊಳಗೇ ಹೊಂದಿಕೊಂಡದ್ದು.
ಅಪೆಂಡಿಕ್ಸ್ ಇರಬಹುದು.
ಅಪೆಂಡಿಕ್ಸ್ ಅಲ್ಲಿರುವುದಿಲ್ಲ.
ಒರೆಸಿದಳು. ಬಿಳಿ ಲಂಗ ಮೇಲೆಳೆದಳು.
ಬಾರಿನವರಿಗೆ ಹೇಳಲಿಲ್ಲ, ಗಂಡನಿಗೂ ಇಲ್ಲ.

ಈಗ ಬೆಳಕಿಗೆ ಹಿಡಿದರೆ ಬಾಟಲಿಯ ಕತ್ತಿನಲ್ಲಿ
ಸಾಸಿವೆಯಷ್ಟು ಗುಳ್ಳೆ.
ಊದಿದವನ ಉಸಿರಲ್ಲ ಅದು, ಕುಲುಮೆಯ ಗಾಳಿ,
ಅನ್ನುತ್ತಾರೆ ಬಲ್ಲವರು. ಎರ್ಮಿನಿಯಾ ಒಪ್ಪುವುದಿಲ್ಲ.
ಆಮೇಲೆ ಯಾರೋ ಎಣ್ಣೆ ತುಂಬಿ,
ಹೆಬ್ಬೆರಳಲ್ಲಿ ಬಾಯಿಯ ತೊಟ್ಟು ಒರೆಸಿ,
ಗಂಡನದೋ ಕೂಸಿನದೋ ಬೂದಿಯ ಪಕ್ಕ ಇಟ್ಟಿದ್ದಾರೆ.
ಎಷ್ಟು ಕೈ.

ಐದೂಮುಕ್ಕಾಲು. ಮೆಟ್ಟಿಲ ಮೇಲೆ ಕಾವಲುಗಾರ
ಬೀಗದಕೈ ಗೊಂಚಲು ಆಡಿಸುತ್ತಿದ್ದಾನೆ.
ಸ್ಥಿತಿ ಅನ್ನುವಲ್ಲಿ ಬರೆದಳು, ಇಂತಾತ್ತೊ;
ನಿಯಮ ನಿಯಮವೇ.
ಕೆಳಗೆ, ಷರಾ ಅನ್ನುವಲ್ಲಿ, ಚಿಕ್ಕ ಅಕ್ಷರದಲ್ಲಿ:
ತಳದ ಹತ್ತಿರ ಒಂದು ಗೀರು. ಹಳೆಯದು.